ನಂಬರ್ ಒನ್ ಆಗಿದ್ದ ದಿನಗಳು

ನಾನು ಮದುವೆಯಾಗಿ ಬೆಳಗಾವಿಯ ವಡಗಾವಿಗೆ ಬಂದಾಗ ಗಂಡನ ಮನೆಯ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಮುಂದೆ ಮಗ್ಗ, ನಡುವೆ ಒಂದು ಕೋಣೆ, ಹಿಂದೆ ಅಡಿಗೆಮನೆ. ಮಗ್ಗ ನಡೆಯುವಾಗ ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಖಾನಾಪುರದ ನನ್ನ ತವರಿನಲ್ಲಿ ಸದ್ದೆಂದರೆ ರೈಲು ಹಾಯುವಾಗಿನದು ಮಾತ್ರ. ಅಪ್ಪ ಅಲ್ಲಿ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಮೊದಮೊದಲು ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಆಮೇಲೆ ಎಷ್ಟು ರೂಢಿಯಾಯಿತೆಂದರೆ, ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು.

ಮನೆಯಲ್ಲಿ ಅತ್ತೆ, ನಮ್ಮವರು, ನಾದಿನಿ, ನಾನು. ಮಾವನವರು ಆಗಲೇ ತೀರಿಕೊಂಡಿದ್ದರು. ಇಬ್ಬರು ಕೂಲಿ ನೇಕಾರರನ್ನು ಇಟ್ಟುಕೊಂಡು ಅತ್ತೆಯೇ ಮಗ್ಗ ನಡೆಸುತ್ತಿದ್ದರು. ನಮ್ಮವರದು ಪೇಟೆಯಲ್ಲಿ ಮೋಟಾರು ಬಿಡಿಭಾಗ ಮಾರುವ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ. ನೇಯ್ದ ಸೀರೆಗಳನ್ನು ಖಡೇಬಜಾರಿನ ಅಂಗಡಿಗೆ ಮುಟ್ಟಿಸುವುದು ಮಾತ್ರ ಅವರ ಪಾಲಿನದು, ಮತ್ತು ಆ ಕೆಲಸವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾರಣವನ್ನು ಒಮ್ಮೆ ಮಾತ್ರ ಹೇಳಿದ್ದರು.

"ಸಣ್ಣಾವಿದ್ದಾಗ ಅಪ್ಪನ ಕೂಡ ಹೋಗ್ತಿದ್ದೆ. ಅಂಗಡಿಯೊಳಗ ಗಿರಾಕಿ ಇದ್ರ ನಾವು ಗಂಟ ಹಿಡ್ಕೊಂಡು ಹೊರಗ ನಿಲ್ಲಬೇಕು. ಅಪ್ಪ ಚಪ್ಪಲಿ ಬಿಟ್ಟು ಪಾವಟಿಗಿ ಮ್ಯಾಲ ನಿಂತಿರ್ತಿದ್ದ. ಗಿರಾಕಿಗೋಳು ಚಪ್ಪಲಿ ಹಾಕ್ಕೊಂಡ ಒಳಗ ಹೋಗ್ತಿದ್ರು."

ಮುಂದೆ ನಮ್ಮ ಮನೆಯಲ್ಲಿ ನಡೆದುದೆಲ್ಲ ನನಗೆ ಅರ್ಥವಾಗುವುದು ಅಂಗಡಿಯ ಆ ಮೆಟ್ಟಿಲಿನಿಂದ, ಆ ಪಾವಟಿಗೆಯಿಂದಲೇ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕ್ಲಾಸಿಗೂ ಹೋಗಿದ್ದವಳು. ಕಾಲೇಜಿನ ಹತ್ತಿರ ಸೈಬರ್ ಕೆಫೆಗಳು ಒಂದೊಂದಾಗಿ ತೆರೆಯುತ್ತಿದ್ದವು. ಅಲ್ಲಿ ಒಂದು ದಿನ, ಮುಂಬೈ ಕಂಪನಿಯೊಂದರ ಮಾರಾಟದ ವೆಬ್‌ಸೈಟ್ ನೋಡಿದೆ. ಯಾರು ಬೇಕಾದರೂ ಏನು ಬೇಕಾದರೂ ಮಾರಬಹುದಂತೆ. ಹಳೆಯ ಗಡಿಯಾರ, ನಾಣ್ಯ, ಕ್ಯಾಮೆರಾ, ಸೀರೆ. ಮನೆಗೆ ಬಂದು ನಮ್ಮವರಿಗೆ ಹೇಳಿದೆ. "ಅಂಗಡಿ ಇಲ್ಲದನ ಮಾರಬಹುದೇನು?" ಎಂದು ಕೇಳಿದರು. ಹೌದೆಂದೆ. "ಯಾರ ಮುಂದೂ ನಿಲ್ಲೂದ ಬ್ಯಾಡೇನು?" ಬೇಡ ಎಂದೆ. ಮರುದಿನವೇ ಫೋಟೋ ಸ್ಟುಡಿಯೋದವನನ್ನು ಕರೆತಂದರು.

ಬದನೆಕಾಯಿ ಬಣ್ಣದ ಒಡಲು, ಹಸಿರು ದಡಿ. ನಾದಿನಿ ಆ ಸೀರೆ ಉಟ್ಟುಕೊಂಡು ಅಂಗಳದಲ್ಲಿ ನಿಂತಳು. ಮುಖ ಬರಬಾರದೆಂದು ಅತ್ತೆ ಹಟ ಹಿಡಿದದ್ದರಿಂದ ಕುತ್ತಿಗೆಯಿಂದ ಕೆಳಗಿನ ಫೋಟೋ. ಸ್ಟುಡಿಯೋದವನು ಅದನ್ನು ಸ್ಕ್ಯಾನ್ ಮಾಡಿ ಫ್ಲಾಪಿಗೆ ಹಾಕಿಕೊಟ್ಟ. ನಾನು ಕೆಫೆಯಲ್ಲಿ ಕೂತು ಅದನ್ನು ಏರಿಸಿದೆ. ವಾರದೊಳಗೆ ನಾಗಪುರದ ಒಬ್ಬ ಹೆಂಗಸು ಕೊಂಡಳು. ಖಡೇಬಜಾರಿನವರು ಆ ಸೀರೆಗೆ ಇನ್ನೂರೈವತ್ತು ಕೊಡುತ್ತಿದ್ದರು. ನಾವು ನಾನೂರಕ್ಕೆ ಮಾರಿದ್ದೆವು. ಕೊರಿಯರ್, ಕಂಪನಿಯ ಕಮಿಷನ್ ಎಲ್ಲ ಹೋದರೂ ಪೇಟೆಯಲ್ಲಿ ಮಾರಿದ್ದಕ್ಕಿಂತ ಚೆನ್ನಾಗಿ ಉಳಿಯಿತು. ಸೀರೆ ತಮ್ಮ ಅಜ್ಜಿಯ ಸೀರೆಯಂತೆಯೇ ಇದೆ ಎಂದು ಆಕೆ ಬರೆದಿದ್ದಳು. ಅದನ್ನು ಓದಿ ಹೇಳಿದಾಗ ಅತ್ತೆ, "ನಾ ನೇಯ್ದದ್ದನ್ನ ಉಟ್ಟವರು ಏನಂದ್ರು ಅಂತ ಇಷ್ಟ ವರ್ಷದಾಗ ಒಮ್ಮೆನೂ ಕೇಳಿರಲಿಲ್ಲ ನೋಡ," ಎಂದರು.

ಮೊದಲ ಏಳೆಂಟು ತಿಂಗಳು ನಿಜಕ್ಕೂ ಸುಖದ ದಿನಗಳು. ವಾರಕ್ಕೆ ನಾಲ್ಕೈದು ಸೀರೆ ಹೋಗುತ್ತಿದ್ದವು. ನಾದಿನಿ ಮಡಚಿ ಕಟ್ಟುತ್ತಿದ್ದಳು, ನಾನು ವಿಳಾಸ ಬರೆಯುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಆದರೆ ಆ ವೆಬ್‌ಸೈಟಿನಲ್ಲಿ ಒಂದು ಪಟ್ಟಿ ಇತ್ತು. ಯಾವ ಮಾಲನ್ನು ಯಾರು ಎಲ್ಲರಿಗಿಂತ ಹೆಚ್ಚು ಮಾರುತ್ತಾರೆ ಎಂದು ತೋರಿಸುವ ಪಟ್ಟಿ. ಒಂದನೆಯವರ ಹೆಸರಿನ ಪಕ್ಕ ಸಣ್ಣ ಕಿರೀಟದ ಚಿತ್ರ. ಒಂದು ದಿನ ಕಂಪನಿಯ ಹುಡುಗಿಯೊಬ್ಬಳು ಮುಂಬೈಯಿಂದ ಫೋನ್ ಮಾಡಿ, ಸೀರೆಯಲ್ಲಿ ನೀವು ನಾಲ್ಕನೆಯವರಿದ್ದೀರಿ, ಸ್ವಲ್ಪ ಬೆಲೆ ಇಳಿಸಿದರೆ ಒಂದಕ್ಕೆ ಬರುತ್ತೀರಿ ಎಂದಳು. ಹಿಂದಿಯಲ್ಲಿ ಬಹಳ ಸವಿಯಾಗಿ ಮಾತಾಡುತ್ತಿದ್ದಳು. ಮೊದಲು ಮಾರಾಟ ಬರಲಿ, ಲಾಭ ತಾನಾಗಿ ಹಿಂದೆ ಬರುತ್ತದೆ ಎಂದಳು. ಬೆಲೆ ಇಳಿಸಿದೆವು. ಸೂರತ್ತಿನವನೊಬ್ಬ ಇನ್ನೂ ಇಳಿಸಿದ. ಅವನದು ಛಾಪಿಸಿದ ಬಟ್ಟೆ, ನಮ್ಮದು ನೇಯ್ದದ್ದು. ಫೋಟೋದಲ್ಲಿ ಎರಡೂ ಒಂದೇ. ನಾವೂ ಇಳಿಸಿದೆವು. ಕೊರಿಯರ್ ಖರ್ಚು ನಾವೇ ಹೊರುತ್ತೇವೆಂದೆವು. ಮೊದಲ ಪುಟದಲ್ಲಿ ಕಾಣಿಸಬೇಕೆಂದರೆ ಕಂಪನಿಗೆ ಬೇರೆ ಹಣ, ಅದನ್ನೂ ಕಟ್ಟಿದೆವು. ಬೇಡವಾದರೆ ವಾಪಸು ಕಳಿಸಬಹುದು ಎಂಬ ನಿಯಮ ಬಂತು; ಒಪ್ಪಿಕೊಂಡೆವು.

ಆ ವರ್ಷ ದಸರೆಯ ಹೊತ್ತಿಗೆ ನಾವು ನಂಬರ್ ಒನ್ ಆದೆವು.

ಕಂಪನಿಯವರು ಗಾಜಿನ ಚೌಕಟ್ಟಿನಲ್ಲಿ ಪ್ರಶಸ್ತಿಪತ್ರ ಕಳಿಸಿದರು. ಊರಿನ ಪತ್ರಿಕೆಯಲ್ಲಿ ನಮ್ಮವರ ಫೋಟೋ ಬಂತು. ಗಲ್ಲಿಯ ಗಣಪತಿ ಮಂಡಳಿಯವರು ಶಾಲು ಹೊದಿಸಿದರು. ಯಾವ ಅಂಗಡಿಯ ಪಾವಟಿಗೆಯ ಮೇಲೆ ಮಾವನವರು ನಿಂತಿದ್ದರೋ, ಆ ಅಂಗಡಿಯ ಮಾಲೀಕರೇ ಒಂದು ಸಂಜೆ ಸ್ಕೂಟರಿನಲ್ಲಿ ಬಂದು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನಮ್ಮವರು ತಾವೇ ಚಹಾ ತಂದುಕೊಟ್ಟರು. ಅವರು ಹೋದ ಮೇಲೂ ನಮ್ಮವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಮರುವಾರ ಬಿಡಿಭಾಗದ ಅಂಗಡಿಯ ಕೆಲಸ ಬಿಟ್ಟರು, ಕಂತಿನ ಮೇಲೆ ಮನೆಗೇ ಒಂದು ಕಂಪ್ಯೂಟರ್ ತಂದರು.

ನಾಲ್ಕು ಮಗ್ಗದ ಸೀರೆ ಸಾಲದಾಯಿತು. ಗಲ್ಲಿಯ ಇನ್ನೂ ಐದಾರು ಮನೆಯವರ ಸೀರೆಗಳನ್ನು ನಾವೇ ಕೊಳ್ಳುತ್ತೇವೆಂದು ನಮ್ಮವರು ಮಾತು ಕೊಟ್ಟರು. ಎದುರುಮನೆಯ ನೇಕಾರರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರು ಮೂವತ್ತು ವರ್ಷ ಸೀರೆ ಕೊಟ್ಟ ಸಾವುಕಾರನನ್ನು ಬಿಟ್ಟು ನಮ್ಮ ಕಡೆ ಬಂದರು.

ವಿಚಿತ್ರವೆಂದರೆ ಹೆಚ್ಚು ಮಾರಿದ ತಿಂಗಳುಗಳಲ್ಲೇ ಮನೆಯಲ್ಲಿ ತೊಗರಿಬೇಳೆಗೆ ತಾಪತ್ರಯ. ನನಗೆ ಮೊದಲು ತಿಳಿಯಲಿಲ್ಲ. ಚೆಕ್ಕುಗಳು ಬರುತ್ತಿದ್ದವು, ಬ್ಯಾಂಕಿನಲ್ಲಿ ಹಣ ಕಾಣುತ್ತಿತ್ತು. ಆದರೆ ಅದು ನೂಲಿನವರದೋ ಕೊರಿಯರಿನವರದೋ ಕಾಕಾನದೋ ಆಗಿರುತ್ತಿತ್ತು. ಹಣ ನಮ್ಮ ಮನೆಯ ಮೇಲೆ ಹಾದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೂತು ಒಂದೇ ಒಂದು ಸೀರೆಯ ಲೆಕ್ಕ ಹಾಕಿದೆ, ನೂಲಿನಿಂದ ಹಿಡಿದು ಪಾರ್ಸಲ್ಲಿನ ಟೇಪಿನವರೆಗೆ. ವಾಪಸು ಬರುವವನ್ನು ಸೇರಿಸದಿದ್ದರೂ, ಒಂದು ಸೀರೆ ಮಾರಿದರೆ ಒಂದು ಪ್ಲೇಟ್ ಭಜಿಯ ದುಡ್ಡು ನಮ್ಮ ಕೈಯಿಂದಲೇ ಹೋಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ಮಾರುವವರು ಎಂದರೆ, ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ನಾವಾಗಿದ್ದೆವು.

ನಮ್ಮವರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ.

"ಸೂರತ್ತಿನಾಂವ ಎಷ್ಟ ದಿನಾ ತಡೀತಾನ? ಅಂವ ಬಿಟ್ಟ ಮ್ಯಾಲ ನಾವ ಬೆಲಿ ಏರ್ಸೂಣು," ಎಂದರು.

"ಅಂವನೂ ನಮ್ಮ ಬಗ್ಗೆ ಹಿಂಗ ಅನ್ಕೋತ ಕುಂತಿದ್ರ?"

ನನ್ನ ಮಾತಿಗೆ ಒಮ್ಮೆ ಬೆಲೆ ಏರಿಸಿ ನೋಡಿದರು. ಬಹಳವಲ್ಲ, ನಷ್ಟ ತುಂಬುವಷ್ಟು ಮಾತ್ರ. ನಮ್ಮ ಸೀರೆಗಳು ಮೂರನೇ ಪುಟಕ್ಕೆ ಜಾರಿದವು. ಆರ್ಡರು ನಿಂತಿತು. ಮನೆಮನೆಗಳಲ್ಲಿ ನೇಯ್ದ ಸೀರೆಗಳು ಹಾಗೇ ಉಳಿದವು. ಎಂಟನೆಯ ದಿನವೋ ಹತ್ತನೆಯ ದಿನವೋ, ಕಾಕಾ ಬಂದು ಬಾಗಿಲಲ್ಲಿ ನಿಂತರು.

"ಯಾಕ ತಮ್ಮಾ, ಮಾಲ ಎತ್ತವಲ್ಲಿ?"

"ಸ್ವಲ್ಪ ತಡೀರಿ ಕಾಕಾ. ರೇಟ್ ಏರಿಸೀವಿ."

"ನೀ ನಂಬರ್ ಒನ್ ಅಂತ ನಂಬಿ ಸಾವುಕಾರನ್ನ ಬಿಟ್ಟ ಬಂದೀನಿ. ಈಗ ತಿರುಗಿ ಅಂವನ ಹತ್ರ ಹೋದ್ರ ಮುಖಾ ತೋರ್ಸಾಕ ಆಗ್ತೈತೇನು?"

ಬೈದು ಹೇಳಿದ್ದಲ್ಲ, ಅಂಗಲಾಚಿದ್ದೂ ಅಲ್ಲ, ಸಾದಾ ಕೇಳಿದರು. ಆ ಸಂಜೆಯೇ ನಮ್ಮವರು ಬೆಲೆಯನ್ನು ಮೊದಲಿನಂತೆ ಇಳಿಸಿದರು. ಮೂರು ದಿನದಲ್ಲಿ ಕಿರೀಟ ತಿರುಗಿ ಬಂತು. ಮಾರಿದರೆ ನಷ್ಟ, ಮಾರದಿದ್ದರೆ ಆರು ಮನೆಯ ಮಗ್ಗ ನಿಲ್ಲುತ್ತವೆ. ಮಗ್ಗದೊಳಗೆ ಸಿಕ್ಕ ಎಳೆಯಂತಾಗಿತ್ತು ನಮ್ಮ ಸ್ಥಿತಿ. ಎಳೆದರೆ ಹರಿಯುತ್ತದೆ, ಬಿಟ್ಟರೆ ಇನ್ನಷ್ಟು ಸುತ್ತಿಕೊಳ್ಳುತ್ತದೆ.

ವಾಪಸು ಬರುವ ಸೀರೆಗಳದು ಇನ್ನೊಂದು ಕಥೆ. ಬಣ್ಣ ಫೋಟೋದಲ್ಲಿದ್ದಂತಿಲ್ಲ ಎಂದು ಕೆಲವು. ಗಂಡ ಬೇಡವೆಂದ ಎಂದು ಕೆಲವು. ಇನ್ನು ಕೆಲವನ್ನು ಬಿಚ್ಚಿದರೆ ಅತ್ತರಿನ ವಾಸನೆ, ಸೆರಗಿಗೆ ಚುಚ್ಚಿದ ಪಿನ್ನಿನ ತೂತು. ಒಂದು ಮದುವೆಗೆ ಉಟ್ಟು ಮಡಚಿ ಕಳಿಸಿಬಿಡುತ್ತಿದ್ದರು. ನಡುವಿನ ಕೋಣೆಯಲ್ಲಿ ಅವನ್ನು ಒಟ್ಟತೊಡಗಿದೆವು. ಮೊದಲು ಮೂಲೆಯಲ್ಲಿ, ಆಮೇಲೆ ಮಂಚದ ಕೆಳಗೆ, ಆಮೇಲೆ ಮಂಚದ ಮೇಲೆ. ಕಿಟಕಿ ಮುಚ್ಚಿಹೋಯಿತು. ಅತ್ತೆ ಅಡಿಗೆಮನೆಯಲ್ಲಿ ಮಲಗತೊಡಗಿದರು. "ಬೆಚ್ಚಗ ಇರ್ತೈತಿ, ನನಗೇನ ತ್ರಾಸಿಲ್ಲ," ಎನ್ನುತ್ತಿದ್ದರು. ನಾವು ಮೂವರು ಮಗ್ಗಗಳ ನಡುವಿನ ಸಂದಿಯಲ್ಲಿ ಹಾಸಿಕೊಳ್ಳುತ್ತಿದ್ದೆವು. ಭಾರತಕ್ಕೇ ಒಂದನೇ ನಂಬರಿನ ಮನೆಯಲ್ಲಿ ಕಾಲು ಚಾಚುವಷ್ಟು ಜಾಗವಿರಲಿಲ್ಲ.

ಮುಂದಿನ ವರ್ಷದ ನಾಗರ ಪಂಚಮಿಗೆ ಅಣ್ಣ ನನ್ನನ್ನು ಕರೆದೊಯ್ಯಲು ಖಾನಾಪುರದಿಂದ ಬಂದ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ನಮ್ಮ ಕಡೆ ಊರೇ ಕೇಳುತ್ತದೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೆ ಕಂಪನಿಯವರ ಹಬ್ಬದ ಮಾರಾಟ ಅದೇ ವಾರ. ಬಂದ ಆರ್ಡರು ಮರುದಿನ ಹೊರಡದಿದ್ದರೆ ಅಂಕ ಕಳೆಯುತ್ತಾರೆ. ಅಂಕ ಕಳೆದರೆ ಕಿರೀಟ ಹೋಗುತ್ತದೆ. ಕಂಪ್ಯೂಟರ್ ಮುಟ್ಟಲು ಬರುತ್ತಿದ್ದದ್ದು ನನಗೊಬ್ಬಳಿಗೇ.

"ಹೋಗಿ ಬಾ, ಎರಡ ದಿನಾ ಹೆಂಗರ ಮಾಡ್ತೀವಿ," ಎಂದರು ನಮ್ಮವರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಣ್ಣನಿಗೆ ಕೂಡಲು ಜಾಗವಿಲ್ಲದೆ ಒಂದು ಸೀರೆಯ ಗಂಟಿನ ಮೇಲೆ ಕೂತಿದ್ದ. "ಅವ್ವ ಉಂಡಿ ಕಟ್ಟಿ ಕುಂತಾಳ. ಗಿಡಕ್ಕ ಜೋಕಾಲಿ ಹಾಕೀನಿ. ನಡಿ," ಎಂದ.

"ಈ ಸಲ ಆಗಂಗಿಲ್ಲಣ್ಣ."

ಅವನು ಸುತ್ತ ನೋಡಿದ. ಮಗ್ಗ ನೋಡಿದ, ಗಂಟು ನೋಡಿದ, ಗೋಡೆಯ ಮೇಲಿನ ಪ್ರಶಸ್ತಿ ನೋಡಿದ. "ನನ್ನ ತಂಗಿ ದೊಡ್ಡ ಮಾಲಕಳಾಗ್ಯಾಳ ಅಂತ ಊರ ತುಂಬ ಹೇಳ್ಕೋತ ತಿರಗ್ತೀನಿ ನಾ. ಮಾಲಕರಿಗಿ ಹಬ್ಬಕ್ಕೊಂದ ದಿನಾ ರಜಾ ಇರೂದಿಲ್ಲೇನು?"

ತಂದಿದ್ದ ಉಂಡಿಯ ಡಬ್ಬಿ ಇಟ್ಟು ಹೋದ. ನಾನು ಬಾಗಿಲ ತನಕವೂ ಹೋಗಲಿಲ್ಲ, ಫೋನ್ ಬಡಿದುಕೊಳ್ಳುತ್ತಿತ್ತು. ಆ ಮಧ್ಯಾಹ್ನ ವಿಳಾಸ ಬರೆಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದು ಹಿತ್ತಲಿಗೆ ಹೋದೆ. ಹಿತ್ತಲೂ ಖಾಲಿ ಇರಲಿಲ್ಲ, ಅಲ್ಲಿ ರಟ್ಟಿನ ಡಬ್ಬಿಗಳು ಇದ್ದವು.

ಮರುವರ್ಷ ನಾದಿನಿಗೆ ಗಂಡು ಬಂತು. ತಂದವನು ನನ್ನ ಅಣ್ಣನೇ. ಖಾನಾಪುರದ ಮನೆತನ, ಹುಡುಗ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನೋಡಲು ಬಂದವರು ಹುಡುಗನ ತಾಯಿ ಮತ್ತು ಸೋದರಮಾವ. ತಾಯಿ ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಹಸನ್ಮುಖಿ. ಸೋದರಮಾವ ಕಿಸೆಯಿಂದ ಒಂದು ಕಾಗದ ತೆಗೆದು ಬಿಡಿಸಿದರು. ಸೈಬರ್ ಕೆಫೆಯಲ್ಲಿ ತೆಗೆಸಿದ ನಮ್ಮ ಪುಟದ ಪ್ರಿಂಟು. ನಮ್ಮ ಹೆಸರು, ಮಾರಿದ ಸೀರೆಗಳ ಸಂಖ್ಯೆ, ಕಿರೀಟ.

"ನಾವು ಎಲ್ಲಾ ನೋಡೀವ್ರಿ. ಇಡೀ ಭಾರತದಾಗ ಒಂದನೇ ನಂಬರ್! ಇಂಥ ಮನಿ ಸಂಬಂಧ ಅಂದ್ರ ನಮ್ಮ ಪುಣ್ಯ," ಎಂದರು.

"ದೊಡ್ಡ ಮಾತ್ರಿ," ಎಂದರು ನಮ್ಮವರು.

"ಹುಡುಗಿಗಿ ಏನ ಹಾಕ್ತೀರಿ, ಏನ ಕೊಡ್ತೀರಿ ಅಂತ ನಾವ ಬಾಯಿಬಿಟ್ಟ ಕೇಳಾವರಲ್ಲ. ನಿಮ್ಮ ಹೆಸರಿಗಿ ತಕ್ಕಂಗ ಮಾಡಿಕೊಡ್ರಿ, ಅಷ್ಟ ಸಾಕು."

ಅವರು ಒಂದು ಸಂಖ್ಯೆ ಹೇಳಿದ್ದರೆ ಚೌಕಾಶಿ ಮಾಡಬಹುದಿತ್ತು. ಹೆಸರಿಗೆ ತಕ್ಕಂತೆ ಎಂದರೆ ಏನು ಹೇಳುವುದು? ನಮ್ಮವರು, "ಆಗಲ್ರಿ," ಎಂದರು. ಮಾತು ಮುಂದುವರಿಯಿತು. ಬೆಳಗಾವಿಯ ದೊಡ್ಡ ಮಂಗಲ ಕಾರ್ಯಾಲಯದಲ್ಲಿ ಮದುವೆ. ಆಗಲ್ರಿ. ಬಂದ ಹೆಣ್ಣುಮಕ್ಕಳಿಗೆಲ್ಲ ನಿಮ್ಮದೇ ಸೀರೆ. ಆಗಲ್ರಿ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನಮ್ಮವರ ಬೆನ್ನನ್ನೇ ನೋಡುತ್ತಿದ್ದೆ. ಒಂದೊಂದು "ಆಗಲ್ರಿ"ಗೂ ಆ ಬೆನ್ನು ಇನ್ನಷ್ಟು ಸೆಟೆಯುತ್ತಿತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವಾಗ ನಾದಿನಿ ಪಕ್ಕದಲ್ಲಿ ಬಂದು ಕೂತಳು.

"ವೈನಿ, ಖರೇ ಹೇಳ್ರಿ. ಅಣ್ಣ ಹೂಂ ಅಂದದ್ದೆಲ್ಲಾ ಮಾಡಾಕ ನಮ್ಮ ಹತ್ರ ಐತೇನು?"

"ಇಲ್ಲ."

"ಮತ್ತ?"

"ಎರಡ ಮಗ್ಗ ಮಾರೂದು, ಮನಿ ಮ್ಯಾಲ ಸಾಲ ತಗೋಳ್ಳೂದು ಅಂತ ಮಾತಾಡ್ಯಾರ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಎದ್ದು ಹೋದಳು. ಅವಳು ಹೆಚ್ಚು ಮಾತಿನವಳಲ್ಲ. ಹತ್ತನೆಯ ಇಯತ್ತೆಯ ಮೇಲೆ ಸಾಲಿ ಬಿಟ್ಟು, ದಿನವಿಡೀ ಸೀರೆ ಮಡಚಿ, ಒಮ್ಮೆಯೂ ಬೇಸರವೆಂದವಳಲ್ಲ. ಹಾಗಾಗಿ ನನಗೆ ಮುಂದೆ ಆಗುವುದರ ಸುಳಿವೂ ಸಿಗಲಿಲ್ಲ.

ಹದಿನೈದು ದಿನ ಬಿಟ್ಟು ಅದೇ ಇಬ್ಬರು ಮುಹೂರ್ತದ ಮಾತಿಗೆ ಬಂದರು. ಸಿಹಿಗೆ ಕುಂದಾ ತಂದಿದ್ದೆವು, ಚಹಾ ಕೊಟ್ಟೆವು. ಹುಡುಗನ ತಾಯಿ ಸಹಜವಾಗಿ, "ನಿಮ್ಮ ಆಫೀಸ ಎಲ್ಲೈತ್ರಿ? ಊರಾಗ ಎಲ್ಲಾರೂ ಕೇಳ್ತಾರ, ನೋಡಿದ್ರ ಹೇಳಾಕ ಬರ್ತೈತಿ," ಎಂದರು. ನಮ್ಮವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾದಿನಿ ಎದ್ದು, "ಇಲ್ಲೇ ಐತ್ರಿ, ಬರ್ರಿ," ಎಂದು ನಡುವಿನ ಕೋಣೆಯ ಬಾಗಿಲು ತೆಗೆದಳು.

ಬಾಗಿಲು ಪೂರ್ತಿ ತೆರೆಯಲೂ ಇಲ್ಲ, ಒಳಗಿನ ಒತ್ತಿಗೆ ಅರ್ಧಕ್ಕೇ ನಿಂತಿತು. ಎರಡು ಗಂಟು ಹೊರಗೆ ಉರುಳಿದವು.

"ಇವೆಲ್ಲಾ ಹೊಸಾ ಮಾಲೇನ್ರಿ?" ಸೋದರಮಾವ ಕೇಳಿದರು.

"ಅಲ್ರಿ ಮಾಮಾ. ವಾಪಸ್ ಬಂದದ್ದು. ನೀವು ತಂದ ಕಾಗದದಾಗ ಎಷ್ಟ ಮಾರೀವಿ ಅಂತ ಐತಿ. ಎಷ್ಟ ಉಳೀತು ಅಂತ ಇಲ್ಲ. ಏನೂ ಉಳದಿಲ್ರಿ. ಕೈಯಿಂದ ಹೋಗೇತಿ."

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ನನ್ನ ಮದಿವಿಗಿ ಮಗ್ಗ ಮಾರ್ತಾರ. ನಿಮಗ ಗೊತ್ತಾಗದಂಗ ಮಾರ್ತಾರ. ಅದಕ್ಕ ಮೊದಲ ಹೇಳಿದ್ದು."

ಹುಡುಗನ ತಾಯಿ ಬಗ್ಗಿ ಉರುಳಿದ ಗಂಟಿನಿಂದ ಒಂದು ಸೀರೆ ಎತ್ತಿಕೊಂಡರು. ಸೆರಗು ಬಿಡಿಸಿ ಬೆಳಕಿಗೆ ಹಿಡಿದು, "ಅರಿಷಿಣದ ಕಲಿ ಇದು. ಯಾರೋ ಮದಿವ್ಯಾಗ ಉಟ್ಟಾರ," ಎಂದು ತಮಗೇ ಎಂಬಂತೆ ಹೇಳಿ, ಮತ್ತೆ ಅಚ್ಚುಕಟ್ಟಾಗಿ ಮಡಚಿಟ್ಟರು. ಸೋದರಮಾವ ನಮ್ಮವರ ಮುಖ ನೋಡಿದರು. ನಮ್ಮವರು ನೆಲ ನೋಡುತ್ತಿದ್ದರು. ಬಂದವರು ಉಳಿದ ಚಹಾ ಕುಡಿದು, "ತಿಳಸ್ತೀವ್ರಿ," ಎಂದು ಎದ್ದರು.

ಅವರು ಗಲ್ಲಿ ದಾಟಿದರು. ಆಮೇಲೆ ನಮ್ಮವರು ತಂಗಿಯ ಕಡೆ ತಿರುಗಿದರು. ಅಷ್ಟು ಸಿಟ್ಟನ್ನು ನಾನು ಅವರ ಮುಖದಲ್ಲಿ ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ಮನಿ ಮರ್ಯಾದಿ ತೆಗದು ಬೀದ್ಯಾಗ ಇಟ್ಟಿ!"

"ಅಣ್ಣಾ, ಮಗ್ಗ ಮಾರಿ ನನ್ನ ಅಲ್ಲಿ ಕಳಿಸಿದ ಮ್ಯಾಲ ಅವರಿಗಿ ಗೊತ್ತಾಗ್ತಿದ್ದಿಲ್ಲೇನು? ಆವಾಗ ಅವರ ಮುಂದ ನಾ ಒಬ್ಬಾಕಿನ ನಿಲ್ಲಬೇಕಿತ್ತು."

ಅತ್ತೆ ನಡುವೆ ಬಂದು ಮಗಳ ಕೈ ಹಿಡಿದು ಅಡಿಗೆಮನೆಗೆ ಕರೆದೊಯ್ದರು.

ಸಂಬಂಧ ಮುರಿಯಿತು. ನನ್ನ ಅಣ್ಣನ ಮೂಲಕ ಸುದ್ದಿ ಬಂತು, ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಎಂದು. ನಿಜ ಹೇಳಿದ್ದಕ್ಕೆ ಒಳ್ಳೆಯದಾಯಿತೆಂದು ನಾನು ಬರೆಯಲಾರೆ. ಖಾನಾಪುರದಿಂದ ಸುದ್ದಿ ಬೆಳಗಾವಿಗೆ ಬರಲು ಎಷ್ಟು ಹೊತ್ತು? ನೂಲಿನ ವ್ಯಾಪಾರಿ ಉದ್ದರಿ ನಿಲ್ಲಿಸಿದ. ಗಲ್ಲಿಯ ಮನೆಯವರು ಒಬ್ಬೊಬ್ಬರಾಗಿ ಬಂದು ತಮ್ಮ ಸೀರೆ ತಿರುಗಿ ಒಯ್ದರು. ಕಾಕಾ ಕೊನೆಯಲ್ಲಿ ಬಂದರು. ಅವರು ಹಳೆಯ ಸಾವುಕಾರನ ಬಳಿಗೇ ಹೋಗಬೇಕಾಯಿತು. ಬಿಟ್ಟುಹೋದ ತಪ್ಪಿಗೆಂದು ಅವನು ಮೊದಲಿಗಿಂತ ಕಡಿಮೆ ಕೂಲಿ ಕಟ್ಟಿದ. ಕಾಕಾ ಆಮೇಲೆಯೂ ನಮ್ಮ ಮನೆಗೆ ಬರುವುದು ಬಿಡಲಿಲ್ಲ, ಆದರೆ ಬಂದಾಗ ವ್ಯಾಪಾರದ ಮಾತು ತೆಗೆಯುತ್ತಿರಲಿಲ್ಲ. ಅದು ನಮ್ಮವರಿಗೆ ಬೈಗುಳಕ್ಕಿಂತ ಹೆಚ್ಚು ತಾಗುತ್ತಿತ್ತು.

ಇಷ್ಟಾದರೂ, ಕೈಯಲ್ಲಿ ಉಳಿದ ದಾಸ್ತಾನನ್ನು ಅದೇ ಬೆಲೆಗೆ ಮಾರುತ್ತಿದ್ದುದರಿಂದ, ಕಿರೀಟ ಇನ್ನೂ ನಮ್ಮದೇ. ನಮ್ಮವರಿಗೆ ಅದನ್ನು ಬಿಡಲು ಮನಸ್ಸು ಬಂದಿರಲಿಲ್ಲ. ತಂಗಿಯ ಜೊತೆ ಮಾತು ಬಿಟ್ಟಿದ್ದರು. ಅವಳು ಪೊಟ್ಟಣ ಕಟ್ಟಿ ಇಡುತ್ತಿದ್ದಳು, ಇವರು ಎತ್ತಿಕೊಂಡು ಹೋಗುತ್ತಿದ್ದರು. ನಾನು ಇಬ್ಬರ ನಡುವೆ.

ದೀಪಾವಳಿಗೆ ಮೊದಲು ಮುಂಬೈಯ ಅದೇ ಹುಡುಗಿ ಫೋನ್ ಮಾಡಿದಳು. ನಮ್ಮವರೇ ಎತ್ತಿಕೊಂಡರು. ಅವಳು ಹೇಳಿದ್ದನ್ನು ಕೇಳಿದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, "ನೀನ ಮಾತಾಡ," ಎಂದು ಮಗ್ಗದ ಕಡೆ ಹೋದರು.

ಹಬ್ಬಕ್ಕೆ ಇನ್ನೂ ಬೆಲೆ ಇಳಿಸಬೇಕಂತೆ. ಆಗುವುದಿಲ್ಲ ಎಂದೆ.

ಹಾಗಾದರೆ ಎರಡನೆಯವರು ಮುಂದೆ ಬರುತ್ತಾರೆ ಮೇಡಂ, ಎಂದಳು.

ಬರಲಿ, ಎಂದೆ.

ಅವಳು ಮಾರಾಟದ ದನಿ ಬಿಟ್ಟು ಬೇರೆ ದನಿಯಲ್ಲಿ ಹೇಳಿದಳು: ನಿಮಗಿಂತ ಮೊದಲು ನಂಬರ್ ಒನ್ ಇದ್ದವರೂ ಹೀಗೇ ಹೇಳಿದ್ದರು ಮೇಡಂ.

ಫೋನ್ ಇಟ್ಟು ಅಲ್ಲೇ ಕೂತೆ. ನಾವು ನಾಲ್ಕನೆಯವರಿದ್ದಾಗ ಒಂದನೆಯವರು ಯಾರೋ ಇದ್ದೇ ಇದ್ದರು. ಅವರ ಹೆಸರನ್ನು ದಿನಾ ನೋಡುತ್ತಿದ್ದೆವು, ಅವರನ್ನು ಹಿಂದೆ ಹಾಕಿದ ದಿನ ಪೇಢೆ ಹಂಚಿದ್ದೆವು. ಅವರೇನಾದರು ಎಂದು ನಮಗೆ ಒಮ್ಮೆಯೂ ಅನಿಸಿರಲಿಲ್ಲ.

ಕಿರೀಟ ಹೋದ ದಿನ ನಮ್ಮವರು ಮನೆಯ ಕಂಪ್ಯೂಟರ್ ಬಿಟ್ಟು ಒಬ್ಬರೇ ಸೈಬರ್ ಕೆಫೆಗೆ ಹೋಗಿ, ಅಲ್ಲಿನ ಹುಡುಗನಿಂದ ಪುಟ ತೆಗೆಸಿ ನೋಡಿಕೊಂಡು ಬಂದರು. ಊಟಕ್ಕೆ ಕೂತರು.

"ಹೋತು," ಎಂದರು.

"ಏನ ಹೋತೋ?" ಎಂದರು ಅತ್ತೆ, ಕರೆಂಟೇನೋ ಎಂದುಕೊಂಡು.

"ಏನಿಲ್ಲವ್ವ. ಇನ್ನೊಂದ ರೊಟ್ಟಿ ಹಾಕ."

ತಿಂದು ಮಗ್ಗದ ಬುಡದಲ್ಲಿ ಮಲಗಿದವರು ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ.

ಕೋಣೆಯ ಸೀರೆಗಳನ್ನು ನಾನು ಮತ್ತು ಅತ್ತೆ ಖಾನಾಪುರದ ಸಂತೆಗೆ ಒಯ್ದು ಮಾರಿದೆವು. ಕಲೆಯಿದ್ದವನ್ನು ಒಗೆದು, ತೂತಿದ್ದವನ್ನು ತೂತಿದೆಯೆಂದು ತೋರಿಸಿಯೇ ಮಾರಿದೆವು. ಜೀವಮಾನವೆಲ್ಲ ನೇಯ್ದರೂ ಅತ್ತೆ ತಮ್ಮ ಕೈಯಾರೆ ಸೀರೆ ಮಾರಿದವರಲ್ಲ. ಒಬ್ಬ ಹೆಂಗಸು ಮರಾಠಿಯಲ್ಲಿ ಜಗಳಾಡಿ ಬೆಲೆ ಇಳಿಸಲು ನೋಡಿ ಎದ್ದು ಹೋದಳು. ನಾನು ಕರೆಯಲು ಹೊರಟರೆ ಅತ್ತೆ ನನ್ನ ಮೊಣಕೈ ಹಿಡಿದು, "ಹೋದ್ರ ಹೋಗ್ಲಿ ಬಿಡ. ಆ ರೇಟಿಗಿ ಕೊಡೂದ್ರಕಿಂತ ಉಟ್ಟು ಹರೀತೀನಿ," ಎಂದರು. ಆಕೆ ತಿರುಗಿ ಬರಲಿಲ್ಲ. ಅತ್ತೆ ಅದಕ್ಕೆ ಬೇಸರಪಡಲೂ ಇಲ್ಲ. ಆ ದಿನ ಕೆಲವೇ ಸೀರೆ ಹೋದವು.

ಎರಡು ಮಗ್ಗ ಕೊನೆಗೂ ಮಾರಬೇಕಾಯಿತು, ಮದುವೆಗಲ್ಲ, ನೂಲಿನ ಬಾಕಿಗೆ. ನಮ್ಮವರು ಮೊದಲಿನ ಬಿಡಿಭಾಗದ ಅಂಗಡಿಗೇ ಹೋಗಿ ಕೆಲಸ ಕೇಳಿದರು. ಮಾಲೀಕರು ಸೇರಿಸಿಕೊಂಡರು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಉಳಿದೆರಡು ಮಗ್ಗದ ಸೀರೆಗಳು ಮತ್ತೆ ಖಡೇಬಜಾರಿಗೇ ಹೋಗತೊಡಗಿದವು. ಈಗ ಒಯ್ಯುತ್ತಿದ್ದವಳು ನಾನು. ನಿಲ್ಲು ಎಂದರೆ ನಿಲ್ಲುತ್ತಿದ್ದೆ, ಚಪ್ಪಲಿ ಬಿಡುತ್ತಿರಲಿಲ್ಲ.

ನಾದಿನಿಯ ಮದುವೆ ಮುಂದೆ ಎರಡು ವರ್ಷಕ್ಕೆ ಆಯಿತು. ಹುಡುಗ ಬಸ್ ಕಂಡಕ್ಟರ್. ಅವರ ಊರು ಹಲಸಿಯ ಹತ್ತಿರ. ಅಲ್ಲೇ ಗುಡಿಯಲ್ಲಿ ಅಕ್ಷತೆ, ಮನೆಯ ಮುಂದೆ ಚಪ್ಪರ ಹಾಕಿ ಊಟ. ಅಣ್ಣ ತಂಗಿ ಮೊದಲಿನಂತೆ ಮಾತಾಡತೊಡಗಿದ್ದು ಯಾವಾಗಿನಿಂದ ಎಂದು ನನಗೂ ನೆನಪಿಲ್ಲ. ಒಂದು ದಿನ ಚಹಾ ಕೇಳಿದ್ದರು, ಅವಳು ಕೊಟ್ಟಿದ್ದಳು, ಅಷ್ಟೇ. ಚಪ್ಪರದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಪಕ್ಕದವರಿಗೆ ನಮ್ಮವರನ್ನು ತೋರಿಸಿ, "ಇವರು ಸಾದಾ ಮನಿಷ್ಯಾರಲ್ರಿ. ಇಡೀ ದೇಶದಾಗ ಸೀರಿ ಮಾರೂದ್ರಾಗ ನಂಬರ್ ಒನ್ ಇದ್ದಾವ್ರು," ಎಂದರು. ನನ್ನ ಕೈಯಲ್ಲಿ ಪಲ್ಲೆಯ ಬಕೀಟು ಇತ್ತು, ಅಲ್ಲೇ ನಿಂತೆ.

ನಮ್ಮವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಇದ್ದೆ ರೀ," ಎಂದರು. "ಬರ್ರಿ, ಪಂಕ್ತಿ ಎದ್ದೈತಿ, ಊಟಕ್ಕ ಕುಂದರ್ರಿ."